ಚಿತ್ರದಲ್ಲಿ ಏಳು ಮಕ್ಕಳು

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ತಗುಲಿಕೊಂಡಂತೆ ಇನ್ನೊಂದು ಸಣ್ಣ ಕೋಣೆ. ಅದಕ್ಕೊಂದು ಉದ್ದನೆಯ ಕಿಟಕಿ, ಕಿಟಕಿಯ ಕೆಳಗೊಂದು ಹೊಲಿಗೆ ಮಿಷನ್ನು, ಮಿಷನ್ನಿನ ಹಿಂದೆ ತೇಪೆ ಅಕ್ಕ. ಮೂವತ್ತೊಂದು ವರ್ಷದಿಂದ ಈ ಮೂರೂ ಜಾಗ ಬಿಟ್ಟು ಕದಲಿಲ್ಲ. ಒಗೆದು ಒಣಗಿ ಬಂದ ಹಾಸಿಗೆ ಬಟ್ಟೆಗಳನ್ನು ಅವಳು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುತ್ತಾಳೆ. ತೂತು ಬಿದ್ದದ್ದು ಯಾರಿಗಾದರೂ ಕಾಣುತ್ತದೆ, ಅದರಲ್ಲೇನು ದೊಡ್ಡಸ್ತಿಕೆ? ಇನ್ನು ಹದಿನೈದು ದಿನಕ್ಕೆ ಎಲ್ಲಿ ಹರಿಯುತ್ತದೆ ಎಂದು ಇವತ್ತೇ ಹೇಳುವುದು ಅವಳ ಕಸುಬು. ಎಳೆ ಸವೆದ ಕಡೆ ಬೆಳಕು ತುಸು ಹೆಚ್ಚು ಸೋರುತ್ತದೆ. ಅಲ್ಲೊಂದು ಸೀಮೆಸುಣ್ಣದ ಗುರುತು, ಆಮೇಲೆ ತೇಪೆ. ತೇಪೆಯ ಅಂಚು ರೋಗಿಯ ಬೆನ್ನಿಗೆ ಒತ್ತಬಾರದು, ಅದಕ್ಕೇ ನಾಲ್ಕೂ ಮೂಲೆ ದುಂಡಗೆ ಕತ್ತರಿಸಬೇಕು. ಹೊಸದಾಗಿ ಸೇರಿದ ಹುಡುಗಿಯರು ಚೌಕವಾಗಿ ಕತ್ತರಿಸಿದರೆ ಅವಳು ಬೈಯುವುದಿಲ್ಲ. ಆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, "ಒಂದು ಗಳಿಗೆ ಮಲಕ್ಕೊಂಡು ನೋಡಮ್ಮ" ಎನ್ನುತ್ತಾಳೆ. ಮಲಗಿ ಎದ್ದವರು ಮತ್ತೆ ಚೌಕವಾಗಿ ಕತ್ತರಿಸಿದ್ದಿಲ್ಲ.

ಆಸ್ಪತ್ರೆಯವರಿಗೆ ಅವಳು ತೇಪೆ ಅಕ್ಕ. ಊರಿಗೆ ಮಾತ್ರ, ಐವತ್ತೇಳು ತುಂಬಿದರೂ, ಇನ್ನೂ ಪುಸ್ತಕದ ಹುಡುಗಿ. ತಲೆ ಮುಕ್ಕಾಲು ಬೆಳ್ಳಗಾಗಿದೆ, ಮೆಟ್ಟಿಲು ಹತ್ತಿದರೆ ಮಂಡಿ ಕಟಕಟ ಎನ್ನುತ್ತದೆ, ಹುಡುಗಿಯಂತೆ! ಆದರೆ ಊರ ಬಾಯಿಗೆ ಬೀಗ ಹಾಕಿದವರುಂಟೇ?

ಆ ಪುಸ್ತಕ ಗೊತ್ತಿಲ್ಲದ ಮಗು ಆ ಊರಿನಲ್ಲಿಲ್ಲ. ನಿಜವಾಗಿ ಬದುಕಿದ್ದ ಹನ್ನೆರಡು ಧೈರ್ಯದ ಹುಡುಗಿಯರ ಕಥೆಗಳು, ಒಂದೊಂದರ ಕೊನೆಗೂ ಇಡೀ ಪುಟದ ಒಂದು ಚಿತ್ರ. ಬರೆದವರು ಒಬ್ಬ ನಿವೃತ್ತ ಮೇಷ್ಟ್ರು. ಮೇಷ್ಟ್ರಿಗೆ ಧೈರ್ಯ ಎಂದರೆ ಪಂಚಪ್ರಾಣ. ಎರಡು ಸಾಲಿಗೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕದಿದ್ದರೆ ಅವರ ಕೈ ಮುಂದೆ ಹೋಗುತ್ತಿರಲಿಲ್ಲ. ಒಬ್ಬಳು ಕೋಟೆಯ ಬಾಗಿಲು ಕಾಯುತ್ತಾಳೆ, ಒಬ್ಬಳು ಬಿರುಗಾಳಿಯಲ್ಲಿ ದೋಣಿ ನಡೆಸುತ್ತಾಳೆ, ಒಬ್ಬಳು ಶತ್ರುಗಳ ಕೈಗೆ ಸಿಗಬಾರದೆಂದು ಗುಟ್ಟಿನ ಪತ್ರವನ್ನು ಅಗಿದು ನುಂಗುತ್ತಾಳೆ. ಎಲ್ಲರೂ ನೂರಾರು ವರ್ಷದ ಹಿಂದಿನವರು, ಸತ್ತ ಮೇಲೆ ಕಥೆಯಾದವರು. ಒಂಬತ್ತನೆಯವಳು ಮಾತ್ರ ಬದುಕಿರುವಾಗಲೇ ಕಥೆಯಾದಳು. ಹನ್ನೊಂದು ವರ್ಷದ ಹುಡುಗಿ, ಬಟ್ಟೆ ಗಿರಣಿಗೆ ಬೆಂಕಿ ಬಿದ್ದಾಗ ಏಳು ಮಕ್ಕಳನ್ನು ಉಳಿಸಿದಳು! ಅವರಲ್ಲಿ ಒಬ್ಬಳು ಅವಳ ಸ್ವಂತ ತಂಗಿ! ಚಿತ್ರದಲ್ಲಿ ಅವಳ ಉದ್ದನೆಯ ಜಡೆ ಗಾಳಿಗೆ ಹಾರುತ್ತಿದೆ. ಆ ವರ್ಷ ಹೇನು ಹೆಚ್ಚಾಗಿ ಅವಳ ತಲೆಯನ್ನು ನುಣ್ಣಗೆ ಬೋಳಿಸಿದ್ದರು, ಅದು ಮೇಷ್ಟ್ರಿಗೂ ಗೊತ್ತಿತ್ತು. ಬೋಳುತಲೆಯ ಧೀರೆಯನ್ನು ಯಾವ ಮಗು ತಾನೇ ಮೆಚ್ಚೀತು?

ಜಡೆ ಸುಳ್ಳಾದರೆ ಹಾಳಾಗಿ ಹೋಗಲಿ. ಏಳು ಅನ್ನುವುದೂ ಸುಳ್ಳು. ಉಳಿದದ್ದು ಆರು ಮಕ್ಕಳು. ತಂಗಿ ಉಳಿಯಲಿಲ್ಲ.

ನಡೆದದ್ದು ಇಷ್ಟು. ಗಿರಣಿಯ ಹೆಂಗಸರು ತಮ್ಮ ಪುಟ್ಟ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಹೋಗಲೆಂದು ಉಗ್ರಾಣದ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಇತ್ತು. ಅಲ್ಲಿನ ಆಯಾ ಬೇರೆ ಯಾರೂ ಅಲ್ಲ, ತೇಪೆ ಅಕ್ಕನ ಅಮ್ಮ. ಬೆಳಗಿನ ಶಾಲೆ ಮುಗಿಸಿ ದೊಡ್ಡ ಮಗಳು ಅಮ್ಮನ ಒತ್ತಾಸೆಗೆ ಬರುತ್ತಿದ್ದಳು. ನಾಲ್ಕು ವರ್ಷದ ಚಿಕ್ಕ ಮಗಳು ಆ ಕೋಣೆಯ ಏಳು ಮಕ್ಕಳಲ್ಲಿ ಒಬ್ಬಳು. ಅವತ್ತು ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದರು. "ಕಾಲು ಗಂಟೆ ನೋಡ್ಕೊಂಡಿರು, ಬಂದೆ" ಎಂದು ಅಮ್ಮ ಕೆಳಗಿಳಿದಳು. ಬಾಯ್ಲರ್ ಕೋಣೆಯ ಹಿಂದೆ ಒಂದು ನಲ್ಲಿ, ಅದರಲ್ಲಿ ಪುಕ್ಕಟೆ ಬಿಸಿನೀರು. ಹೆಂಗಸರು ಮೇಸ್ತ್ರಿಯ ಕಣ್ಣು ತಪ್ಪಿಸಿ ಅಲ್ಲಿ ತಲೆ ತೊಳೆದುಕೊಳ್ಳುತ್ತಿದ್ದರು. ಅಮ್ಮ ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಾಗ ಉಗ್ರಾಣದ ಹತ್ತಿಗೆ ಬೆಂಕಿ ಬಿತ್ತು.

ಮೆಟ್ಟಿಲ ತುಂಬ ಹೊಗೆ. ಕಿಟಕಿಯ ಹೊರಗೆ ಬಟ್ಟೆಯ ತುಂಡುಗಳನ್ನು ಅಂಗಳಕ್ಕೆ ಇಳಿಸುವ ರಾಟೆ, ಹಗ್ಗ, ಬೆತ್ತದ ಬುಟ್ಟಿ. ಹುಡುಗಿ ಬುಟ್ಟಿಯಲ್ಲಿ ಒಂದು ಮಗುವನ್ನು ಕೂರಿಸಿ ಇಳಿಸಿದಳು, ಕೆಳಗಿನವರು ಎತ್ತಿಕೊಂಡರು, ಖಾಲಿ ಬುಟ್ಟಿ ಮೇಲೆ ಬಂತು. ಹೀಗೆ ಆರು ಸಲ. ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡು ಕಿತ್ತು ಬಂದಿತ್ತು. ತಂಗಿಯನ್ನು ಕರೆತರಲು ಒಳಗೆ ತಿರುಗಿದಾಗ ಕೋಣೆ ಎಲ್ಲಿದೆ ಎಂದೇ ಕಾಣಲಿಲ್ಲ. ಏಣಿ ಹತ್ತಿ ಬಂದ ಫಿಟ್ಟರ್ ಒಬ್ಬ ಅವಳ ಸೊಂಟಕ್ಕೆ ಕೈ ಹಾಕಿ ಹೊರಗೆಳೆದುಕೊಂಡ. ಕೆಳಗೆ ಅಂಗಳದಲ್ಲಿ ಅಮ್ಮ ನಿಂತಿದ್ದಳು, ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಎರಡು ವರ್ಷ ಕಳೆದ ಮೇಲೆ ಮೇಷ್ಟ್ರು ಮನೆಗೆ ಬಂದರು. ಮಾತಾಡಿದ್ದು ಅಪ್ಪ. "ಆಯಾ ಎಲ್ಲಿದ್ರು ಆಗ?" ಎಂದು ಮೇಷ್ಟ್ರು ಕೇಳಿದಾಗ ಅಪ್ಪ ಕಣ್ಣು ಮಿಟುಕಿಸದೆ, "ಅವಳಿಗೆ ಅವತ್ತು ಜ್ವರ, ಮನೇಲಿ ಮಲಗಿದ್ಲು" ಎಂದ. ಹೆಂಡತಿಯನ್ನು ಊರ ನಾಲಗೆಯಿಂದ ಉಳಿಸಬೇಕಿತ್ತು, ಉಳಿಸಿದ. ಅದನ್ನು ತಪ್ಪು ಎನ್ನಲು ನನಗಂತೂ ಮನಸ್ಸು ಬಾರದು. ಗಿರಣಿಯ ಹೆಂಗಸರಿಗೆ ನಿಜ ಗೊತ್ತಿತ್ತು. ಅವರೂ ಅದೇ ನಲ್ಲಿಯಲ್ಲಿ ತಲೆ ತೊಳೆದವರೇ, ಒಬ್ಬರೂ ತುಟಿ ಬಿಚ್ಚಲಿಲ್ಲ.

ಆದರೆ ಚಿಕ್ಕ ಮಗಳು ಸತ್ತದ್ದನ್ನು ಅಪ್ಪ ಮುಚ್ಚಿಡಲಿಲ್ಲ. ಮೇಷ್ಟ್ರೂ ಆರು ಮಕ್ಕಳು ಎಂದೇ ಬರೆದಿದ್ದರು. ಎಡವಟ್ಟಾದದ್ದು ಅಚ್ಚಿನ ಮನೆಯಲ್ಲಿ. ಚಿತ್ರ ಬರೆಯುವವನಿಗೆ ಗಿರಣಿಯವರು ಮಕ್ಕಳ ಕೋಣೆಯ ಒಂದು ಹಳೆಯ ಫೋಟೋ ಕೊಟ್ಟಿದ್ದರು, ಏಳೂ ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕೂತದ್ದು. ಅವನು ಕಥೆ ಓದಲಿಲ್ಲ. ಚಿತ್ರಗಾರರು ಕಥೆ ಓದುತ್ತ ಕೂತರೆ ಪುಸ್ತಕ ಹೊರಬೀಳುವುದು ಯಾವ ಕಾಲಕ್ಕೆ? ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟ. ಚಿತ್ರವನ್ನು ಲೋಹದ ಅಚ್ಚಿನಲ್ಲಿ ಕೊರೆಸಿ ತಂದ ಮೇಲೆ ಯಾರೋ ಎಣಿಸಿ ನೋಡಿದರೆ ಏಳು ತಲೆ! ಅಚ್ಚನ್ನು ಮತ್ತೆ ಕೊರೆಸಲು ತಿಂಗಳು ಬೇಕು, ಅಕ್ಷರ ಬದಲಿಸಲು ಒಂದು ಗಳಿಗೆ ಸಾಕು. ಹಾಗಾಗಿ ಆರು ಎಂದಿದ್ದಲ್ಲೆಲ್ಲ ಏಳು ಬಂದು ಕೂತಿತು, ತಂಗಿ ಸತ್ತಳೆಂಬ ಒಂದೇ ಒಂದು ಸಾಲು ಎದ್ದು ಹೋಯಿತು. ಮೇಷ್ಟ್ರ ಕಣ್ಣಿಗೆ ಬೀಳುವ ಹೊತ್ತಿಗೆ ಪುಸ್ತಕ ಅಂಗಡಿ ಸೇರಿತ್ತು. ಅವರು ಬಂದು ತಲೆ ತಗ್ಗಿಸಿ ನಿಂತರು. "ಹೋಗ್ಲಿ ಬಿಡಿ ಮೇಷ್ಟ್ರೇ, ಪುಸ್ತಕದಲ್ಲಾದ್ರೂ ಬದುಕಿರ್ಲಿ" ಎಂದ ಅಪ್ಪ.

ಆ ಫೋಟೋ ಚಿತ್ರಗಾರನ ಮನೆಗೆ ಹೋದದ್ದು ತಿರುಗಿ ಬರಲಿಲ್ಲ. ತಂಗಿಯದು ಬೇರೆ ಫೋಟೋ ಇರಲಿಲ್ಲ. ಸಾಲಿನಲ್ಲಿ ಎಡದಿಂದ ಮೂರನೆಯದು, ಉಬ್ಬಿದ ಕೆನ್ನೆ, ಜಾರಿದ ಒಂದು ಕಾಲುಚೀಲ: ಲೋಕದಲ್ಲಿ ಅವಳ ಮುಖ ಉಳಿದದ್ದು ಆ ಪುಟದಲ್ಲಿ ಮಾತ್ರ. ಅಮ್ಮನಿಗೆ ಓದು ಬಾರದು. ದಿನಾ ಮಧ್ಯಾಹ್ನ ಉಂಡು ಕೈ ತೊಳೆದ ಮೇಲೆ ಆ ಪುಟ ಬಿಚ್ಚಿ ಸುಮ್ಮನೆ ಕೂರುತ್ತಾಳೆ. ಈಗ ವಯಸ್ಸು ಎಂಬತ್ತರ ಹತ್ತಿರ, ಕಣ್ಣು ಮಂದ, ಆದರೂ ಬೆರಳು ತಾನಾಗಿ ಮೂರನೆಯ ಮುಖದ ಮೇಲೆ ಹೋಗಿ ನಿಲ್ಲುತ್ತದೆ. ಬೆಂಕಿಯ ವಿಚಾರವಾಗಿ ತಾಯಿ ಮಗಳು ನಲವತ್ತಾರು ವರ್ಷದಲ್ಲಿ ಒಂದು ಮಾತೂ ಆಡಿಲ್ಲ. ಅಪ್ಪ ತೀರಿಕೊಂಡ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಇಬ್ಬರೇ. ಮದುವೆಯ ಮಾತು ಬಂದಾಗಲೆಲ್ಲ ತೇಪೆ ಅಕ್ಕ, "ಧೀರೇನ ಯಾರು ಕಟ್ಕೋತಾರೆ, ಹೆದರ್ಕೊಂಡು ಸಾಯ್ತಾರೆ" ಎಂದು ನಗೆಯಲ್ಲಿ ತೇಲಿಸಿಬಿಟ್ಟಿದ್ದಳು. ಅಮ್ಮನನ್ನು ಆ ಪುಟದ ಜೊತೆ ಒಂಟಿಯಾಗಿ ಬಿಟ್ಟು ಹೋಗಲು ಅವಳಿಗೆ ಕಾಲು ಬರಲಿಲ್ಲ.

ವರ್ಷಕ್ಕೊಮ್ಮೆ ಶಾಲೆಯವರು ಅವಳನ್ನು ಕರೆಸುತ್ತಾರೆ. ಮಕ್ಕಳು ಮೊದಲು ಅಂಗೈ ನೋಡಬೇಕೆನ್ನುತ್ತಾರೆ, ತೋರಿಸುತ್ತಾಳೆ. ಹೆದರಿಕೆ ಆಗ್ಲಿಲ್ವಾ ಎಂದು ಕೇಳುತ್ತಾರೆ, ಆಯ್ತು ಎನ್ನುತ್ತಾಳೆ. ತುಂಬ ಹಿಂದೆ, ಅವಳಿನ್ನೂ ಇಪ್ಪತ್ತೈದರವಳಿದ್ದಾಗ, ಒಂದು ಹುಡುಗಿ ಎದ್ದು ನಿಂತು, "ನಿಮ್ಮ ತಂಗಿ ಈಗ ಏನು ಮಾಡ್ತಿದಾರೆ?" ಎಂದಿತು. ಸಭೆಯಲ್ಲಿ ಇನ್ನೂರು ಕಣ್ಣು. ಇಲ್ಲ ಎನ್ನಲು ಬಾಯಿ ತೆರೆದವಳ ಬಾಯಿಂದ, "ಕಾಲೇಜಿಗೆ ಹೋಗ್ತಿದಾಳೆ" ಎಂದು ಬಂದುಬಿಟ್ಟಿತು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರಲ್ಲ, ಹಾಗಾಯಿತು. ಕಾಲೇಜಿಗೆ ಹೋದವಳು ಎಷ್ಟು ವರ್ಷ ಕಾಲೇಜಿನಲ್ಲೇ ಇರುತ್ತಾಳೆ? ಮರುವರ್ಷ ಪಾಸಾದಳು. ಆಮೇಲೆ ಮದುವೆಯಾದಳು. ದೂರದ ಊರಿನಲ್ಲಿ ಗುಂಡಿ, ದಾರ, ರಿಬ್ಬನ್ನಿನ ಅಂಗಡಿ ಇಟ್ಟಳು. ಎರಡು ಮಕ್ಕಳಾದವು, ದೊಡ್ಡದಕ್ಕೆ ಕನ್ನಡಕ ಬಂತು. ನಿಜ ಗೊತ್ತಿದ್ದ ಹಳಬರು ಇದಕ್ಕೂ ತುಟಿ ಬಿಚ್ಚಲಿಲ್ಲ. ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು ನಿಂತಾಗ ತೇಪೆ ಅಕ್ಕ ಮುಂದಿನ ವರ್ಷ ತಂಗಿಗೆ ಏನಾಗಬೇಕು ಎಂದು ಯೋಚಿಸುತ್ತಿದ್ದಳು. ಆಗ ಅವಳ ಮುಖ ನೋಡಬೇಕು, ಅಷ್ಟು ಹಗುರ. ಕಳೆದ ವರ್ಷವಷ್ಟೇ ತಂಗಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಅದನ್ನು ಹೇಳಿ ಬಂದ ದಿನ ತೇಪೆ ಅಕ್ಕ ಯಾಕೋ ಊಟ ಸರಿಯಾಗಿ ಮಾಡಲಿಲ್ಲ.

ಈ ಸ್ಥಿತಿಯಲ್ಲಿದ್ದಾಗ ಸಂಪಾದಕಿ ಬಂದಳು. ಪುಸ್ತಕದ ಪ್ರಕಾಶಕರ ಹೊಸ ಸಂಪಾದಕಿ, ಚಿಕ್ಕ ವಯಸ್ಸು, ಹೆಗಲಿಗೆ ತನಗಿಂತ ದೊಡ್ಡ ಚೀಲ. ಒಂದು ರಜಾ ದಿನ ಬೆಳಗ್ಗೆ ಹೊರಕೋಣೆಯ ಕುರ್ಚಿಯಲ್ಲಿ ಕೂತು ಕಾಗದ ಹರಡಿದಳು. ಒಳಗಿನ ಕೋಣೆಗೆ ಬಾಗಿಲಿಲ್ಲ, ಪರದೆ ಮಾತ್ರ. ಅಮ್ಮ ಒಳಗೆ ಮಂಚದ ಮೇಲಿದ್ದಳು.

"ಹೊಸ ಮುದ್ರಣ ತರ್ತಿದೀವಿ. ಹನ್ನೆರಡು ಕಥೆನೂ ಮೊದಲಿಂದ ನೋಡ್ತಿದೀವಿ" ಎಂದಳು ಸಂಪಾದಕಿ. "ನಿಜವಾಗಿ ನಡೆದಿದ್ದು ಅಂತ ಹೇಳಿ ಮಕ್ಕಳ ಕೈಗೆ ಕೊಡ್ತೀವಲ್ಲ, ಒಂದೊಂದು ಮಾತಿಗೂ ಆಧಾರ ಬೇಕು. ಪತ್ರ ನುಂಗಿದವಳು ಇದಾಳಲ್ಲ, ಅವಳು ನುಂಗೇ ಇಲ್ಲ. ಚಪ್ಪಲಿ ಒಳಗೆ ಇಟ್ಕೊಂಡಿದ್ಲು."

"ಅಯ್ಯೋ, ಮೇಷ್ಟ್ರು ಬದುಕಿದ್ದಿದ್ರೆ ಅವರೇ ನುಂಗಿಬಿಡ್ತಿದ್ರು" ಎಂದಳು ತೇಪೆ ಅಕ್ಕ. ಇಬ್ಬರೂ ನಕ್ಕರು.

"ಒಂದೊಂದು ಕಥೆ ಆದ್ಮೇಲೂ, ಮುಂದೆ ಯಾರು ಏನಾದ್ರು ಅಂತ ಒಂದು ಪುಟ ಇರುತ್ತೆ. ನೀವು ಉಳಿಸಿದ ಮಕ್ಕಳಲ್ಲಿ ಆರು ಜನ ಸಿಕ್ಕಿದ್ರು. ಒಬ್ಬರು ಬಸ್ಸು ಓಡಿಸ್ತಾರೆ, ಒಬ್ಬರಿಗೆ ಮೊಮ್ಮಗು ಆಗಿದೆ. ನಿಮ್ಮ ತಂಗಿ ಒಬ್ಬರೇ ಬಾಕಿ. ಅಂಗಡಿ ಇದೆ ಅಂತ ಶಾಲೆಯವರು ಹೇಳಿದ್ರು..." ಚೀಲದಿಂದ ಒಂದು ಹಾಳೆ ತೆಗೆದು, ಕೊಡಲೋ ಬೇಡವೋ ಎನ್ನುವ ಹಾಗೆ ತೊಡೆಯ ಮೇಲಿಟ್ಟುಕೊಂಡಳು. "ಹಳೇ ಪತ್ರಿಕೆ ಹುಡುಕ್ತಿದ್ದಾಗ ಇದು ಸಿಕ್ತು. ಒಂದು ಹೆಣ್ಣುಮಗು ತೀರಿಕೊಂಡಿದೆ ಅಂತ ಇದೆ. ತಪ್ಪು ಸುದ್ದಿನೂ ಇರಬಹುದು."

ಪತ್ರಿಕೆಯವರು ಬಾಯಿಗೆ ಬಂದದ್ದು ಬರೀತಾರೆ ಎಂದುಬಿಟ್ಟಿದ್ದರೆ ಆ ಹುಡುಗಿ ನಂಬಿಕೊಂಡು ಹೋಗುತ್ತಿದ್ದಳು. ತೇಪೆ ಅಕ್ಕನಿಗೂ ಅದು ಹೊಳೆಯದೆ ಇರಲಿಲ್ಲ. ನಿಜ ಹೇಳಿದರೆ ತಂಗಿ ಪುಟದಿಂದ ಹೋಗುತ್ತಾಳೆ, ಅಂಗಡಿಯಿಂದ ಹೋಗುತ್ತಾಳೆ, ಕನ್ನಡಕದ ಮಗುವಿನಿಂದ ಹೋಗುತ್ತಾಳೆ. ಒಂದು ಎಳೆ ಎಳೆದರೆ ಮಿಕ್ಕದ್ದೂ ಬಿಚ್ಚಿಕೊಂಡು ಅಮ್ಮನೂ ಬಯಲಿಗೆ ಬೀಳುತ್ತಾಳೆ. ಹೇಳದಿದ್ದರೆ? ಸಕ್ಕರೆ ಕಾಯಿಲೆ ಬಂದಾಯಿತು. ಮುಂದೊಂದು ದಿನ ಆ ತಂಗಿಯನ್ನು ತಾನೇ ಸಾಯಿಸಬೇಕು, ಶಾಲೆಯ ಸಭೆಯಲ್ಲಿ, ಕಾಯಿಲೆಯಿಂದ, ಸುಳ್ಳು ಸಾವು.

"ಅಂಗಡಿ ಇಲ್ಲಮ್ಮ" ಎಂದಳು. "ತಂಗಿನೂ ಇಲ್ಲ."

ಆಮೇಲೆ ಹೇಳಿದಳು. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೆಸರೂ ಸರಿಯಾಗಿ ಗೊತ್ತಿಲ್ಲದ ಹುಡುಗಿಯ ಮುಂದೆ ಹೇಳಿದಳು.

"ಬೇರೆ ಮಕ್ಕಳು ಬಾಯಿ ಬಡ್ಕೊಂಡು ಅಳ್ತಿದ್ವು. ಒಂದು ಕಾಲು ಹಿಡ್ಕೊಂಡ್ರೆ ಇನ್ನೊಂದು ಬಟ್ಟೆ ಹಿಡಿದು ಜಗ್ತಿತ್ತು. ನನ್ನ ಮಾತು ಕೇಳೋಳು ಅಂದ್ರೆ ಅವಳೊಬ್ಬಳೇ. ಅದಕ್ಕೆ ಅವಳನ್ನ ತೊಟ್ಟಿಲ ಹಿಂದೆ ಮೂಲೇಲಿ ಕೂರಿಸ್ದೆ. ಅಳಬಾರದು, ಸದ್ದು ಮಾಡಬಾರದು, ಕೊನೇಲಿ ನಾವಿಬ್ರೂ ಒಟ್ಟಿಗೆ ಬುಟ್ಟೀಲಿ ಹೋಗೋಣ ಅಂದೆ." ಇಬ್ಬರೂ ಬುಟ್ಟಿಯಲ್ಲಿ ಕೂತರೆ ಹಗ್ಗ ಹಿಡಿಯುವವರು ಯಾರು ಎಂಬುದು ಹನ್ನೊಂದರ ಬುದ್ಧಿಗೆ ಹೊಳೆದಿರಲಿಲ್ಲ. "ಮೊದಲೆರಡು ಮಕ್ಕಳು ಕಣ್ಣಿಗೆ ಕಂಡ್ವು. ಆಮೇಲೆ ಸಿಕ್ಕಿದ್ದೆಲ್ಲ ಅಳೋ ಸದ್ದಿಗೆ. ಸದ್ದು ಬಂದ ಕಡೆ ಕೈ ಹಾಕೋದು, ಎತ್ಕೊಂಡು ಬರೋದು. ಇವಳು ಸದ್ದೇ ಮಾಡ್ಲಿಲ್ಲ. ಎಷ್ಟು ಕೂಗ್ದೆ ಗೊತ್ತಾ? ಓಗೊಡ್ಲಿಲ್ಲ. ಸುಮ್ನಿರು ಅಂದಿದ್ನಲ್ಲ, ಸುಮ್ನಿದ್ಲು."

ಸಂಪಾದಕಿಯ ಕೈಯಲ್ಲಿದ್ದ ಪೆನ್ನು ಕಾಗದ ಮುಟ್ಟಿರಲಿಲ್ಲ. ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು.

ಒಂದನ್ನು ಮಾತ್ರ ತೇಪೆ ಅಕ್ಕ ಹೇಳಲಿಲ್ಲ. ಮಕ್ಕಳ ಕೋಣೆಯಲ್ಲಿ ಅಮ್ಮನ ಒಂದು ಕಟ್ಟಪ್ಪಣೆ ಇತ್ತು: ಹಾಲು ಕೊಡುವಾಗ, ಮುಖ ತೊಳೆಸುವಾಗ, ಏನೇ ಮಾಡುವಾಗ ಬೇರೆಯವರ ಮಕ್ಕಳು ಮೊದಲು, ನಮ್ಮದು ಕೊನೆಗೆ. ಆಯಾ ತನ್ನ ಮಗುವಿಗೆ ಹೆಚ್ಚು ಮಾಡಿದಳು ಎಂದು ಯಾರೂ ಬೊಟ್ಟು ತೋರಿಸಬಾರದು. ದೊಡ್ಡ ಮಗಳು ಅವತ್ತು ಹೊಗೆಯಲ್ಲೂ ಅದನ್ನೇ ಪಾಲಿಸಿದ್ದಳು.

"ಆಯಾಗೆ ಜ್ವರ ಅಂತ ಹಳೇ ಪುಸ್ತಕದಲ್ಲಿದೆ" ಎಂದಳು ಸಂಪಾದಕಿ.

"ಅದು ಸರಿಯಾಗೇ ಇದೆ. ಹಾಗೇ ಇರ್ಲಿ."

"ತಂಗಿ ಹೆಸರು?"

"ಬೇಡಮ್ಮ. ತಂಗಿ ಅಂತಲೇ ಹಾಕಿ." ಆ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಚಿತ್ರದಲ್ಲಿ..." ಎಂದು ಸಂಪಾದಕಿ ಶುರುಮಾಡಿ ನಿಲ್ಲಿಸಿದಳು.

"ಗೊತ್ತು. ಆರೇ ಬರೀಬೇಕು. ಬರೀರಿ."

ಪರದೆಯ ಹಿಂದೆ ಮಂಚ ಕಿರ್ರೆಂದಿತು. ಸಂಪಾದಕಿ ಹೋದ ಮೇಲೆ ತೇಪೆ ಅಕ್ಕ ಒಳಗೆ ಹೋಗಿ ನೋಡಿದಳು. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆಯೋ ಎಚ್ಚರವೋ ಎಂದು ಕೇಳಲು ಧೈರ್ಯ ಬರಲಿಲ್ಲ, ಧೀರೆಗೆ.

ಐದು ತಿಂಗಳಿಗೆ ಹೊಸ ಪುಸ್ತಕ ಬಂತು. ಒಳ್ಳೆಯ ಕಾಗದ, ಗಟ್ಟಿ ರಟ್ಟು. ಅವಳು ಅದನ್ನು ಆಸ್ಪತ್ರೆಯ ಕೋಣೆಯಲ್ಲಿ, ಮಿಷನ್ನಿನ ಮೇಲಿಟ್ಟುಕೊಂಡು ಬಿಚ್ಚಿದಳು. ಹೊಸ ಚಿತ್ರಗಾರ್ತಿ ಕಥೆಯನ್ನು ಓದಿದ್ದಳು. ಹುಡುಗಿಯ ತಲೆ ನುಣ್ಣಗಿತ್ತು, ಅಂಗೈಯಲ್ಲಿ ಗಾಯವಿತ್ತು. ಬೆಂಚಿನ ಮೇಲೆ ಆರು ಮಕ್ಕಳು. ಮೂರನೆಯವಳ ಜಾಗವನ್ನು ಖಾಲಿಯೂ ಬಿಟ್ಟಿರಲಿಲ್ಲ. ಪಕ್ಕದವರನ್ನು ಸರಿಸಿ ಕೂರಿಸಿದ್ದರು, ಅಲ್ಲಿ ಯಾರೋ ಇದ್ದರು ಎಂಬುದೇ ತಿಳಿಯದ ಹಾಗೆ. ತೇಪೆ ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಕೇಳಿದ್ದು ತಾನೇ, ಕೊಟ್ಟಿದ್ದು ಅವರು, ಅವರ ತಪ್ಪೇನು? ಆದರೂ ಅವಳಿಗೆ ಅನ್ನಿಸಿದ್ದು ಒಂದೇ: ಇನ್ನೊಂದು ಸಲ ಅವಳನ್ನು ಒಳಗೇ ಬಿಟ್ಟು ಬಂದೆ.

ಮನೆಗೆ ತಂದ ಪುಸ್ತಕವನ್ನು ಹಳೆಯದರ ಕೆಳಗೆ ಇಟ್ಟಳು. ಅಮ್ಮನಿಗೆ ಕಾಗದದ ವಾಸನೆಯೇ ಹೇಳಿತೋ ಏನೋ.

"ಹೊಸಾದು ಬಂತಾ?"

"ಹೂಂ."

"ಓದು."

ನಲವತ್ತಾರು ವರ್ಷದಲ್ಲಿ ಅಮ್ಮ ಒಮ್ಮೆಯೂ ಓದು ಎಂದಿರಲಿಲ್ಲ. ಮಗಳು ಓದಿದಳು. ಯಾರದೋ ಕಥೆ ಓದುವ ಹಾಗೆ. 'ಆಯಾಗೆ ಅಂದು ಜ್ವರ' ಎಂಬಲ್ಲಿಗೆ ಬಂದಾಗ ಅಮ್ಮ ಕೈ ಎತ್ತಿದಳು.

"ಅದನ್ನ ಇನ್ನೊಂದು ಸಲ ಓದು."

ಓದಿದಳು.

"ಹಾಗೆ ಬರೀರಿ ಅಂತ ನೀನೇ ಹೇಳಿದ್ದು. ನಂಗೆ ಕೇಳಿಸ್ತು ಅವತ್ತು."

ಮಗಳು ಪುಟ ತಿರುಗಿಸಿದಳು. ತಂಗಿಯನ್ನು ಮೂಲೆಯಲ್ಲಿ ಕೂರಿಸಿದ್ದು, ಸುಮ್ಮನಿರು ಎಂದದ್ದು, ಎಲ್ಲವನ್ನೂ ಅವಳು ಓದಿ ಮುಗಿಸಿದಳು. ಅಮ್ಮ, "ಶಾಲೆಗೆ ಯಾವತ್ತು ಹೋಗ್ತೀಯ?" ಎಂದು ಕೇಳಿದಳು.

"ಗುರುವಾರ."

"ನಾನೂ ಬರ್ತೀನಿ."

"ಅಷ್ಟು ಮೆಟ್ಟಿಲು ಹತ್ತಕ್ಕಾಗಲ್ಲ ನಿನಗೆ."

"ಕೂತು ಕೂತು ಹತ್ತಿದ್ರಾಯ್ತು."

ಹತ್ತಿದಳು. ಪ್ರತಿ ಮೂರನೆಯ ಮೆಟ್ಟಿಲಿಗೆ ಕೂತು, ಉಸಿರು ಬಿಟ್ಟು, ಮತ್ತೆ ಎದ್ದು. ಶಾಲೆಯ ಸಭಾಂಗಣದಲ್ಲಿ ಮುಖ್ಯೋಪಾಧ್ಯಾಯಿನಿ ಮುದುಕಿಗೆ ಮುಂದೆಯೇ ಒಂದು ಕುರ್ಚಿ ಹಾಕಿಸಿದರು. ತೇಪೆ ಅಕ್ಕ ಮಕ್ಕಳೆದುರು ನಿಂತು ಮೊದಲು ಅಂಗಡಿಯ ಮಾತು ತೆಗೆದಳು. ಗುಂಡಿ ದಾರದ ಅಂಗಡಿ ಇಲ್ಲ, ಕನ್ನಡಕದ ಮಗು ಇಲ್ಲ, ನಾನು ಹೇಳಿದ್ದೆಲ್ಲ ಸುಳ್ಳು, ನನ್ನನ್ನು ಕ್ಷಮಿಸಿ ಎಂದಳು. ಹೊಸ ಪುಸ್ತಕದಿಂದ ತನ್ನ ಕಥೆಯನ್ನು ಓದಿದಳು. ದೊಡ್ಡ ತರಗತಿಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗೈ ತೋರಿಸಿ ಎಂದು ಈ ಸಲ ಯಾರೂ ಕೇಳಲಿಲ್ಲ.

ಕುರ್ಚಿಯ ಕೈ ಹಿಡಿದು ಅಮ್ಮ ಎದ್ದಳು.

"ಅದರಲ್ಲಿ ಇನ್ನೂ ಒಂದು ಸುಳ್ಳಿದೆ" ಎಂದಳು ಅಮ್ಮ. ದನಿ ಸಣ್ಣದಿತ್ತು, ಆದರೆ ಸಭೆ ಅಷ್ಟು ನಿಶ್ಶಬ್ದವಾಗಿತ್ತಲ್ಲ, ಹಿಂದಿನ ಸಾಲಿಗೂ ಕೇಳಿಸಿತು. "ಆಯಾ ನಾನೇ. ನಂಗೆ ಜ್ವರ ಇರ್ಲಿಲ್ಲ. ಮಕ್ಕಳನ್ನ ಇವಳ ಕೈಲಿ ಬಿಟ್ಟು ಹೋಗಿ ಬಿಸಿನೀರಲ್ಲಿ ತಲೆ ತೊಳ್ಕೋತಿದ್ದೆ."

"ಅಮ್ಮ, ಬೇಡ" ಎಂದು ಮಗಳು ಬಂದು ತೋಳು ಹಿಡಿದಳು. ಅಮ್ಮ ಆ ಕೈಯನ್ನು ತನ್ನ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳೇ ಹೊರತು ಬಾಯಿ ನಿಲ್ಲಿಸಲಿಲ್ಲ.

"ಬೇರೆಯವರ ಮಕ್ಕಳು ಮೊದಲು, ನಮ್ದು ಆಮೇಲೆ ಅಂತ ಹೇಳ್ಕೊಟ್ಟಿದ್ದೂ ನಾನೇ. ಇವಳು ನಾನು ಹೇಳಿದ್ದನ್ನೇ ಮಾಡಿದ್ಲು. ಅದನ್ನ ನಾನು ಅವತ್ತೇ ಇವಳಿಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಹನ್ನೊಂದು ವರ್ಷದ ಮಗು, ತಪ್ಪು ತನ್ನದೇ ಅಂತ ಹೊತ್ಕೊಂಡು ತಿರುಗ್ತು, ನಾನು ನೋಡ್ತಾ ಕೂತೆ."

ಶಾಲೆಯ ಮೇಷ್ಟ್ರುಗಳು ಎದ್ದು ನಿಂತರು. ಒಬ್ಬರು ನೀರು ತರಲು ಹೋದರು. ತೇಪೆ ಅಕ್ಕ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಪಕ್ಕದಲ್ಲೇ ಇದ್ದ ಮುಖ, ಈಗ ಬೆಳಕಿಗೆ ಹಿಡಿದ ಹಾಗೆ ಕಾಣುತ್ತಿತ್ತು.

ಮುಂದಿನ ಸಾಲಿನಲ್ಲಿ ಒಂದನೇ ತರಗತಿಯ ಪುಟಾಣಿಗಳು. ಅವರಿಗೆ ಅರ್ಥವಾದದ್ದು ಅಷ್ಟರಲ್ಲೇ ಇತ್ತು. ಅವರಲ್ಲೊಬ್ಬಳು ಕೈ ಎತ್ತಿ, ಅನುಮತಿಗೂ ಕಾಯದೆ, "ಅಜ್ಜಿ, ಆ ತಂಗಿ ಹೆಸರೇನು?" ಎಂದಳು.

ಅಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಹೆಸರು ಏನೋ ದೊಡ್ಡದಿಟ್ಟಿದ್ವಿ. ಯಾರೂ ಕರೀತಿರ್ಲಿಲ್ಲ. ಗುಂಡಮ್ಮ ಅಂತಿದ್ವಿ" ಎಂದಳು. "ಅಷ್ಟು ದಪ್ಪ. ಎತ್ಕೊಂಡ್ರೆ ಸೊಂಟ ಉಳುಕಬೇಕು."

ಯಾವುದೋ ಮಗು ಕಿಸಕ್ಕೆಂದಿತು. ಇನ್ನೊಂದು ನಕ್ಕಿತು. ಗುಂಡಮ್ಮ, ಗುಂಡಮ್ಮ ಎಂದು ಪಿಸುಗುಟ್ಟುತ್ತ ಇಡೀ ಸಾಲು ನಕ್ಕಿತು. ಮುಖ್ಯೋಪಾಧ್ಯಾಯಿನಿ ಗಾಬರಿಯಿಂದ ಶ್ ಎಂದರು.

"ನಗ್ಲಿ ಬಿಡಿ. ಅವಳನ್ನ ಕಂಡ್ರೆ ಎಲ್ರೂ ನಗ್ತಿದ್ರು" ಎಂದಳು ಅಮ್ಮ, ಮತ್ತು ಕುರ್ಚಿಯಲ್ಲಿ ಕೂತು ಹೇಳತೊಡಗಿದಳು. ಗುಂಡಮ್ಮ ಹಾಲಿನ ಸಾಲಿನಲ್ಲಿ ತಾನಾಗಿಯೇ ಕೊನೆಗೆ ಹೋಗಿ ನಿಲ್ಲುತ್ತಿದ್ದಳು, ಪಾತ್ರೆಯಲ್ಲಿ ಉಳಿದದ್ದೆಲ್ಲ ತನಗೇ ಎಂದು. ಅವಳಿಗೆ ಬಲಗಾಲಿನ ಚೀಲ ನಿಲ್ಲುತ್ತಲೇ ಇರಲಿಲ್ಲ. ಗಿರಣಿಯ ಕೂಗು ಕೇಳಿದರೆ ತಾನೂ ಕೂಗುತ್ತಿದ್ದಳು. ಮೇಸ್ತ್ರಿಯ ಮೀಸೆ ಹಿಡಿದು ಎಳೆದಿದ್ದಳು. ನಿದ್ದೆ ಬಂದರೆ ಅಕ್ಕನ ಕಿವಿ ಹಿಡಿದುಕೊಂಡೇ ಮಲಗುತ್ತಿದ್ದಳು, ಬಿಡಿಸಿದರೆ ಎಚ್ಚರವಾಗುತ್ತಿತ್ತು. ಕೆಲವು ತೇಪೆ ಅಕ್ಕನಿಗೆ ನೆನಪಿದ್ದವು, ಕೆಲವು ಗೊತ್ತೇ ಇರಲಿಲ್ಲ. ಅಮ್ಮನ ಬಾಯಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಅವಳು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅಮ್ಮನ ಮಂಡಿಗೆ ತಲೆಯಿಟ್ಟು ಅಳುತ್ತಿದ್ದಳು, ಮಕ್ಕಳು ನಗುತ್ತಿದ್ದರು.

ನಾಲ್ಕು ವರ್ಷದ ಮಗುವಿನ ವಿಚಾರ ಹೇಳಲು ಎಷ್ಟಿರುತ್ತದೆ? ಅಮ್ಮನಿಗೆ ಗೊತ್ತಿದ್ದದ್ದೆಲ್ಲ ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ಅವಳು ಸುಮ್ಮನಾದಾಗ ಮುಂದಿನ ಸಾಲಿನ ಅದೇ ಹುಡುಗಿ, "ಆಮೇಲೆ?" ಎಂದಳು.

ಅಮ್ಮ ಇನ್ನೂ ಏನಾದರೂ ಇದೆಯೇ ಎಂದು ಹುಡುಕುವವಳಂತೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಳು.

"ಅಷ್ಟೇ ಕಣಮ್ಮ" ಎಂದಳು. "ಅಷ್ಟೇ ಇದ್ದಿದ್ದು."